ಗುರುವಾರ, ಹನ್ನೊಂದೂವರೆ

ಮೂರನೆಯ ಸಲ ಓದಿದಾಗಲೂ ಗುರುವಾರ ಗುರುವಾರವಾಗಿಯೇ ಇತ್ತು. ವೇಳೆ, ಹನ್ನೊಂದೂವರೆ. ಜಾಗ, ಕುರ್ಚಿಯ ಮೆತ್ತೆ. ಮಾಡಿದ್ದು, ಬೆಕ್ಕು. ಬರೆದವರು ಮಾವ. ಮೂವತ್ತನಾಲ್ಕು ವರ್ಷ ಹೆಡ್‌ಮಾಸ್ಟರಾಗಿದ್ದವರ ಕೈಬರಹ. ಒಂದೊಂದು ಅಕ್ಷರವೂ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲು ತಪ್ಪದೆ, ಉಸಿರೆತ್ತದೆ ನಿಂತಿತ್ತು. ಭಾನುವಾರ ಬೆಳಗಿನ ಹತ್ತು ಗಂಟೆ. ಅವನು ಬಚ್ಚಲುಮನೆಯ ಮೂಲೆಯಲ್ಲಿ ಮರಳಿನ ಟ್ರೇಯ ಮುಂದೆ ಮಂಡಿಯೂರಿ, ಒಂದು ಕೈಯಲ್ಲಿ ತೂತಿನ ಸೌಟು, ಇನ್ನೊಂದರಲ್ಲಿ ನೋಟ್‌ಬುಕ್ಕು ಹಿಡಿದು ಕೂತಿದ್ದ. ಎದುರಿಗೆ ಬೂದಿ. ಎರಡು ತಿಂಗಳೂ ತುಂಬದ, ಬೂದುಬಣ್ಣದ ಆ ಬೆಕ್ಕಿನ ಮರಿಗೆ ಮಗಳು ಇಟ್ಟ ಹೆಸರು. ಅದು ಟ್ರೇಯ ನಡುವೆ ಬಾಲ ನೆಟ್ಟಗೆ ಮಾಡಿಕೊಂಡು, ದೂರದ ಏನನ್ನೋ ನೆನೆಯುವ ಮುಖದಲ್ಲಿ ತನ್ನ ಕೆಲಸ ಮುಗಿಸಿತು. ತಿರುಗಿ ಮೂಸಿ ನೋಡಿತು. ಮುಂಗಾಲಿನಿಂದ ಮರಳೆಳೆದು ಮುಚ್ಚಿತು. ಮುಚ್ಚಿದ್ದು ಸಾಲದೇನೋ ಎಂದು ಮತ್ತೊಮ್ಮೆ ಮುಚ್ಚಿತು. ಅವನಿಗಿಂತ ಅಚ್ಚುಕಟ್ಟು. ಬಂದು ಹದಿನಾಲ್ಕು ದಿನವಾಗಿತ್ತು. ಮೊದಲ ಎರಡು ದಿನ ಬಿಟ್ಟರೆ ಅದು ಟ್ರೇ ತಪ್ಪಿದ್ದನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಆದರೂ ನೋಟ್‌ಬುಕ್ಕಿನ ಪ್ರಕಾರ ಕುರ್ಚಿಯ ಮೆತ್ತೆ ಹನ್ನೊಂದು ಸಲ ಒದ್ದೆಯಾಗಿತ್ತು. ಮತ್ತು ಗುರುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಬೂದಿ ಈ ಮನೆಯಲ್ಲೇ ಇರಲಿಲ್ಲ. ತರಕಾರಿ ಬುಟ್ಟಿಯೊಳಗೆ, ಅವನ ತೊಡೆಯ ಮೇಲೆ, ಪ್ರಾಣಿಗಳ ಡಾಕ್ಟರ ಬೆಂಚಿನಲ್ಲಿ ಕೂತಿತ್ತು.

ನೋಟ್‌ಬುಕ್ಕು ಇಡುವ ಯೋಚನೆ ಅವನದೇ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಹಂಡೆಗಳನ್ನು ಮಾಡುವ ಕಂಪನಿಯಲ್ಲಿ, ಪೆಟ್ಟಿಗೆಯೊಳಗೆ ಮಡಿಸಿಡುವ ಬಳಕೆಯ ಸೂಚನೆಗಳನ್ನು ಬರೆಯುವುದು ಅವನ ಕೆಲಸ. ಯಾರೂ ಓದದ ಕಾಗದ. ಅದು ಅವನಿಗೂ ಗೊತ್ತು. ಆದರೂ ‘ಮೊದಲು ಸ್ವಿಚ್ ಆರಿಸಿ’ ಎಂಬ ಸಾಲನ್ನು ಮೊದಲು ಹಾಕಬೇಕೋ ಎರಡನೆಯದಾಗಿ ಹಾಕಬೇಕೋ ಎಂದು ಅವನು ಎರಡು ದಿನ ಕೂತು ಯೋಚಿಸಿದ್ದುಂಟು; ಎಲ್ಲೋ ಒಬ್ಬಳು ಹೆಂಗಸು ಒದ್ದೆ ಕೈಯಲ್ಲಿ, ತನ್ನ ಸಾಲಿನ ಜಾಗ ತಪ್ಪಿದ್ದರಿಂದ ಸತ್ತುಹೋಗುವುದನ್ನು ಕಣ್ಣೆದುರು ಕಂಡು ಬೆವತದ್ದುಂಟು. ಬೂದಿ ಬಂದ ದಿನವೇ ಅವನು ಒಂದು ಸೂಚನಾಪತ್ರ ತಯಾರಿಸಿ ಬಚ್ಚಲಿನ ಬಾಗಿಲಿಗೆ ಅಂಟಿಸಿದ. ಒಂದು, ಮರಿ ನಿದ್ದೆಯಿಂದೆದ್ದ ಕೂಡಲೇ ಟ್ರೇಯಲ್ಲಿ ಬಿಡುವುದು. ಎರಡು, ಹಾಲು ಕುಡಿದ ಕೂಡಲೇ ಟ್ರೇಯಲ್ಲಿ ಬಿಡುವುದು. ಮೂರು, ತಪ್ಪು ಜಾಗದಲ್ಲಿ ಮಾಡಿದರೆ ಬೈಯಬಾರದು, ಹೊಡೆಯಬಾರದು, ಮೂಗು ಹಿಡಿದು ಉಜ್ಜಬಾರದು. ನಾಚಿಕೆಪಟ್ಟ ಪ್ರಾಣಿ ಬಚ್ಚಿಟ್ಟುಕೊಳ್ಳುವುದನ್ನು ಕಲಿಯುತ್ತದೆಯೇ ಹೊರತು ಬಿಡುವುದನ್ನಲ್ಲ. ಮೂರನೆಯ ಸೂಚನೆಯನ್ನು ಮಾವ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿ, “ಇದು ಯಾವ ವಿಶ್ವವಿದ್ಯಾಲಯದ ಸಿದ್ಧಾಂತ, ಅಳಿಯಂದ್ರೇ? ಬೆಳಗಿನದಾ, ಸಂಜೆಯದಾ?” ಎಂದು ಕೇಳಿದ್ದರು.

ಸಂಜೆಯದು. ಅವನು ಓದಿದ್ದು ಸಂಜೆ ಕಾಲೇಜಿನಲ್ಲಿ. ಹಗಲೆಲ್ಲ ಪ್ಯಾಕಿಂಗ್ ವಿಭಾಗದಲ್ಲಿ ಪೆಟ್ಟಿಗೆಗೆ ಪಟ್ಟಿ ಬಿಗಿದು, ಆರು ಗಂಟೆಗೆ ಕೈತೊಳೆದು, ತನ್ನಷ್ಟೇ ಸುಸ್ತಾಗಿ ಬರುತ್ತಿದ್ದ ಮೇಷ್ಟರ ಮುಂದೆ ಕೂತು ಪಡೆದ ಪದವಿ. ಬಂದವರೆದುರು ಮಾವ “ನಮ್ಮ ಅಳಿಯಂದ್ರು ಸಂಜೆ ಓದಿದವರು” ಎನ್ನುವಾಗ ಅವರ ದನಿಯಲ್ಲಿ ಬೆಳಿಗ್ಗೆ ಕಾಯಿಸಿ ಸಂಜೆಗೆ ಒಡೆದ ಹಾಲಿನ ಬಗ್ಗೆ ಹೇಳುವಂಥ ಒಂದು ವಿಷಾದವಿರುತ್ತಿತ್ತು. ನೀವು ಅಳಿಯನೋ ಎಂದರೆ ಅಲ್ಲ ಮಗಳ ಗಂಡ ಎಂದ ಹಾಗೆ, ಹೇಗೆ ತಿರುಗಿಸಿದರೂ ಅದೇ. ಹನ್ನೆರಡು ವರ್ಷವಾದರೂ ಅವನಿಗೆ ಉತ್ತರ ಹೊಳೆದಿರಲಿಲ್ಲ. ಹೊಳೆಯುತ್ತಿತ್ತು, ಆದರೆ ಮಾರನೆಯ ದಿನ, ಬಸ್ಸಿನಲ್ಲಿ ನಿಂತಾಗ. ಈಗ ಉತ್ತರ ಕೈಯಲ್ಲೇ ಇತ್ತು. ಮಾವ ತಮ್ಮ ಕೈಯಾರೆ ಬರೆದು, ವೇಳೆ ಹಾಕಿ, ಅಡಿಗೆರೆ ಎಳೆದು ಕೊಟ್ಟದ್ದು. ಬೇರೆ ಯಾರಾದರೂ ಆಗಿದ್ದರೆ ಬೆಕ್ಕಿನ ಮೇಲೆ ಸುಳ್ಳು ಹೊರಿಸುವಾಗ ವೇಳೆಯನ್ನು ಬರೆಯುತ್ತಿರಲಿಲ್ಲ. ಖಾನೆ ಇದೆ ಎಂದ ಮೇಲೆ ತುಂಬದೆ ಬಿಡುವುದು ಮಾವನಿಂದ ಸಾಧ್ಯವಿರಲಿಲ್ಲ.

ಗುರುವಾರ ಡಾಕ್ಟರು ಮರಿಯ ಹೊಟ್ಟೆ ಒತ್ತಿ ನೋಡಿ ನಕ್ಕಿದ್ದರು. “ಇದಕ್ಕೇನೂ ಆಗಿಲ್ಲ ಇವರೇ. ಇಷ್ಟುದ್ದದ ಮರಿ, ಒಂದ್ಸಲಕ್ಕೆ ಎರಡು ಚಮಚ ಹೋದ್ರೆ ಹೆಚ್ಚು. ನೀವು ಊಟದ ತಟ್ಟೆ ಅಗಲ ಅಂತಿದ್ದೀರಿ. ಹಾಗಾದ್ರೆ ಇದು ಬೆಕ್ಕಲ್ಲ, ಕರು.” ಅವನೂ ನಕ್ಕಿದ್ದ. ನಗುವಾಗಲೂ ಮನಸ್ಸು ರಜೆಯ ಅರ್ಜಿಯಲ್ಲಿತ್ತು. ಬೆಕ್ಕಿಗಾಗಿ ಅರ್ಧ ದಿನ ರಜೆ ಎಂದರೆ ಮೇಲಧಿಕಾರಿ ಇಡೀ ಆಫೀಸಿಗೆ ಓದಿ ಹೇಳುತ್ತಾರೆಂದು ಹೆದರಿ ಅವನು ‘ಮನೆಯ ಸದಸ್ಯರೊಬ್ಬರ ಮೂತ್ರದ ತೊಂದರೆಯ ನಿಮಿತ್ತ’ ಎಂದು ಬರೆದಿದ್ದ. ಬರೆದ ಮೇಲೆ, ಬೆಕ್ಕನ್ನು ಸದಸ್ಯರು ಎನ್ನಬಹುದೇ, ಇದು ಸುಳ್ಳಾಗುತ್ತದೆಯೇ, ಯಾರಾದರೂ ಯಾರಿಗೆ ಎಂದು ಕೇಳಿದರೆ ಏನೆನ್ನುವುದು ಎಂದು ಮೂರು ದಿನ ನಿದ್ದೆಗೆಟ್ಟಿದ್ದ. ಈಗ ಟ್ರೇಯ ಮುಂದೆ ಮಂಡಿಯೂರಿ ಕೂತವನಿಗೆ, ತಾನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ಎಂದು ಹೊಳೆದು, ಸಮಾಧಾನವಾಗುವ ಬದಲು ಕಿವಿ ಬಿಸಿಯಾಯಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಕದ್ದವನ ಲಕ್ಷಣ. ಅವನದು ಕದಿಯದೆಯೂ ಹೆಗಲು ಮುಟ್ಟಿಕೊಳ್ಳುವ ಜಾತಿ. ಎರಡು ವಾರದಿಂದ, ಮೆತ್ತೆ ಒದ್ದೆ ಎಂಬ ಕೂಗು ಕೇಳಿದಾಗಲೆಲ್ಲ ಅವನು ಮೊದಲು ತನ್ನ ಪ್ಯಾಂಟಿನ ಕಡೆ ಒಮ್ಮೆ ನೋಡಿಕೊಳ್ಳುತ್ತಿದ್ದ. ಅದಕ್ಕೊಂದು ಹಳೆಯ ಕಾರಣವಿತ್ತು. ಮೂರನೆಯ ತರಗತಿಯ ಬೆಂಚು, ಎಡಗಡೆ ಗೋಡೆ, ಬಲಗಡೆ ನಾಲ್ಕು ಹುಡುಗರು. ಎದ್ದು ನಿಂತು ಕೇಳಬೇಕಿತ್ತು, ಅಷ್ಟೆ. ಹೊರಗೆ ಹೋಗಬಹುದೇ ಎಂದರೆ ಹೋದವನು ಬರುವುದಿಲ್ಲ ಎಂಬಂತಾಗುತ್ತದೆ; ಹೋಗಿಬರಬಹುದೇ ಎನ್ನಬೇಕು. ಆದರೆ ಬರಬಹುದೇ ಎಂದು ಕೇಳುವುದೇಕೆ, ಬರಲೇಬೇಕಲ್ಲ. ಹೋಗಿ ಬೇಗ ಬರುತ್ತೇನೆ ಸಾರ್ ಎಂದರೆ ಕೇಳಿದಂತಾಗದೆ ಹೇಳಿದಂತಾಗುತ್ತದೆ. ವಾಕ್ಯ ಕೊನೆಗೂ ಸರಿಯಾಗಿ ಕೂತು ಅವನು ಎದ್ದು ನಿಂತಾಗ ಅದರ ಅಗತ್ಯವೇ ಮುಗಿದಿತ್ತು. ಮೇಷ್ಟರು ಬೈಯಲಿಲ್ಲ. ಗಂಟೆ ಹೊಡೆಯುವವರೆಗೂ ಯಾರೂ ಹೊರಗೆ ಹೋಗಕೂಡದು ಎಂಬುದು ಆ ಶಾಲೆಯ ನಿಯಮ, ಮತ್ತು ಅವನು ಗಂಟೆ ಹೊಡೆಯುವವರೆಗೂ ಹೊರಗೆ ಹೋಗಿರಲಿಲ್ಲ. ಬೈಯಲು ಏನೂ ಇರಲಿಲ್ಲ. ಸೀಮೆಸುಣ್ಣ ಒರೆಸುವ ಬಟ್ಟೆ ಕೊಟ್ಟು ಬೆಂಚು ಒರೆಸೆಂದರು. ಒರೆಸಿದ. ಬಲಗಡೆಯ ನಾಲ್ವರು ಕಾಲೆತ್ತಿಕೊಂಡು ಕೂತಿದ್ದರು. ಆಮೇಲೆ ಎಷ್ಟೋ ಸಲ ಅವನಿಗನ್ನಿಸಿದೆ, ತನ್ನ ಬದುಕೆಲ್ಲ ಹೀಗೆಯೇ, ವಾಕ್ಯ ತಯಾರಾಗುವಷ್ಟರಲ್ಲಿ ಒದ್ದೆಯಾಗಿರುತ್ತದೆ.

“ಏನ್ರೀ, ಬಚ್ಚಲಲ್ಲೇ ಸಂಸಾರ ಹೂಡಿದ್ರಾ?” ಹೆಂಡತಿಯ ದನಿ. ಅವನು ನೋಟ್‌ಬುಕ್ಕನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಹೊರಗೆ ಬಂದ. ಬಚ್ಚಲಿಂದ ಹಜಾರಕ್ಕೆ ಬರುವ ಓಣಿಯಂಥ ಜಾಗದಲ್ಲಿ ಅವಳ ಹೊಲಿಗೆ ಮಿಷನ್ನು. ಮನೆಯಲ್ಲೇ ಕೂತು ಅವಳು ಅಕ್ಕಪಕ್ಕದವರ ಬಟ್ಟೆ ಹೊಲಿದುಕೊಡುತ್ತಿದ್ದಳು. ಯಾರು ಬಚ್ಚಲಿಗೆ ಹೋಗಬೇಕಾದರೂ ಅವಳು ಮಿಷನ್ನು ನಿಲ್ಲಿಸಬೇಕು, ಎದ್ದು ಸ್ಟೂಲು ಒಳಗೆಳೆದುಕೊಳ್ಳಬೇಕು, ಹೋದವರು ಗೋಡೆಗೆ ಬೆನ್ನು ಉಜ್ಜಿಕೊಂಡು ದಾಟಬೇಕು. ಇವತ್ತು ಅವಳು ಮಿಷನ್ನಿನ ಮುಂದಿರಲಿಲ್ಲ, ಹಜಾರದ ಕಿಟಕಿಯ ಕಟ್ಟೆಯ ಮೇಲಿದ್ದ ಗಿಡದ ಎಲೆಗಳನ್ನು ಒದ್ದೆಬಟ್ಟೆಯಿಂದ ಒಂದೊಂದಾಗಿ ಒರೆಸುತ್ತಿದ್ದಳು. ಅದು ಅವಳ ಭಾನುವಾರದ ಕೆಲಸ. ಗಿಡದ ಕೆಳಗೇ ಮಾವನ ಬೆತ್ತದ ಕುರ್ಚಿ. ಮಾವ ಸ್ನಾನ ಮುಗಿಸಿ, ಪೇಪರ್ ತರಲು ಮೆಟ್ಟಿಲವರೆಗೆ ಹೋಗಿದ್ದರು. ತೊಳೆದ ಮೆತ್ತೆ ಕಿಟಕಿಯ ಸರಳಿಗೆ ತಲೆಕೆಳಗಾಗಿ ತೂಗುತ್ತಿತ್ತು.

“ಗೋದಾಮಿನವರು ಐದು ಗಂಟೆಗೆ ಬರ್ತಾರೆ,” ಎಂದಳು. “ಬುಟ್ಟಿ ತೆಗೆದಿಟ್ಟಿದ್ದೀನಿ.”

“ಇನ್ನೊಂದು ವಾರ ನೋಡೋಣ ಅಂತ…”

“ನೋಡಿದ್ದಾಯ್ತಲ್ಲ. ಮೆತ್ತೆ ಒಗೆಯೋಳು ನಾನು. ನೀವಲ್ಲ, ನಿಮ್ಮ ನೋಟ್‌ಬುಕ್ಕೂ ಅಲ್ಲ.”

“ಪುಟ್ಟಿ ಅಳ್ತಾಳೆ.”

“ಎರಡು ದಿನ ಅಳ್ತಾಳೆ. ಮಕ್ಕಳು ಮರೀತಾರೆ.” ಅವಳು ಒಂದೇ ಎಲೆಯನ್ನು ಮತ್ತೆ ಮತ್ತೆ ಒರೆಸುತ್ತಿದ್ದಳು. “ದೊಡ್ಡವರು ಮರೆಯಲ್ಲ.”

ಅವಳ ಮಾತಿನ ಅರ್ಥ ಅವನಿಗಾಗಲಿಲ್ಲ. ಅರ್ಥವಾಗದ್ದನ್ನೆಲ್ಲ ತನ್ನ ಮೇಲಿನ ಆಪಾದನೆ ಎಂದು ತೆಗೆದುಕೊಳ್ಳುವ ಅಭ್ಯಾಸದಿಂದ, ದೊಡ್ಡವರು ಎಂದರೆ ತಾನು, ಮರೆಯದಿರುವುದು ತನ್ನ ಸಣ್ಣತನ ಎಂದು ತೀರ್ಮಾನಿಸಿದ. ಎಷ್ಟು ಗಟ್ಟಿ ಮನಸ್ಸು ಇವಳದು ಎಂದೂ ಅನ್ನಿಸಿತು. ಹಿಂದಿನ ಬೀದಿಯ ಧಾನ್ಯದ ಗೋದಾಮಿನವರಿಗೆ ಇಲಿ ಹಿಡಿಯಲು ಬೆಕ್ಕು ಬೇಕಿತ್ತು. ಮಗಳು ಬುಧವಾರವೇ ಹೋಗಿ ಆ ಗೋದಾಮನ್ನು ನೋಡಿಕೊಂಡು ಬಂದು, “ಅಪ್ಪಾ, ಅಲ್ಲಿ ಇಲಿಗಳೇ ಬೂದಿಗಿಂತ ದಪ್ಪ ಇವೆ. ಅವೇ ಇದನ್ನ ಹಿಡೀತಾವೆ,” ಎಂದು ವರದಿ ಕೊಟ್ಟಿದ್ದಳು. ಒಂಬತ್ತು ವರ್ಷದ ಅವಳು ಅತ್ತಿರಲಿಲ್ಲ. “ನೀನು ತಾತಂಗೆ ಹೇಳು. ನೀನು ಹೇಳ್ತೀಯಲ್ಲ?” ಎಂದಷ್ಟೇ ಕೇಳಿದ್ದಳು. ಹೇಳ್ತೀನಿ ಎಂದಿದ್ದ. ಆಮೇಲಿನ ಮೂರು ದಿನವೂ ಅವಳು ಶಾಲೆಯಿಂದ ಬಂದವಳೇ ಅವನ ಮುಖ ನೋಡುವುದು, ಅವನು ಕನ್ನಡಕ ಒರೆಸಿಕೊಳ್ಳುವುದು.

ಈಗ ಹೇಳಬಹುದಿತ್ತು. ಒಂದೇ ವಾಕ್ಯ ಸಾಕು. ಊಟವಾದ ಮೇಲೆ ಅವನು ಹಾಸಿಗೆಯ ಮೇಲೆ ಕಣ್ಣು ಮುಚ್ಚಿ ಮಲಗಿ, ವಾಕ್ಯ ಕಟ್ಟತೊಡಗಿದ. ಗುರುವಾರ ಬೆಕ್ಕು ಮನೆಯಲ್ಲಿರಲಿಲ್ಲ ಎಂಬುದು ತಮ್ಮ ಗಮನಕ್ಕೆ. ಇಲ್ಲ, ನೋಟೀಸಾಯಿತು. ಮಾವ, ಒಂದು ಸಣ್ಣ ಸಂದೇಹ. ಸಂದೇಹವೆಂದರೆ ಅವರೇ ಬಿಡಿಸಿಕೊಡಲು ಶುರುಮಾಡುತ್ತಾರೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಸಭೆ ಸೇರಿದ ಹಾಗೆ, ಅವನ ತಲೆಯೊಳಗಿನ ಅವನುಗಳೆಲ್ಲ ಒಬ್ಬರನ್ನೊಬ್ಬರು ಮುಂದೆ ನೂಕುತ್ತಿದ್ದರು. ಅವರಲ್ಲೊಬ್ಬನಿಗೆ ಮಾತ್ರ ಹುರುಪು. ಹನ್ನೆರಡು ವರ್ಷದಿಂದ ಬಸ್ಸಿನಲ್ಲಿ ಉತ್ತರ ಹೊಳೆಸಿಕೊಳ್ಳುತ್ತಿದ್ದವನು ಅವನು. ಬಂದವರೆದುರೇ ಹೇಳು, ಎನ್ನುತ್ತಿದ್ದ. ಗೋದಾಮಿನವರು ಬರಲಿ, ಐದು ಗಂಟೆಗೆ, ಎಲ್ಲರೂ ಇರುವಾಗ ನೋಟ್‌ಬುಕ್ಕು ತೆರೆದು ಮಾವನ ಅಕ್ಷರವನ್ನೇ ಓದು. ಮಾವ, ಇದು ಯಾವ ವಿಶ್ವವಿದ್ಯಾಲಯದ ಸಿದ್ಧಾಂತ ಎಂದು ಕೇಳು. ಎಷ್ಟು ಚೆನ್ನಾಗಿ ಕೂತಿತ್ತು ಆ ವಾಕ್ಯ! ಅವನು ಅದನ್ನು ತುಟಿಯಲ್ಲಿ ಎರಡು ಸಲ ಆಡಿ ನೋಡಿದ. ಎರಡನೆಯ ಸಲ, ಕಾಲೆತ್ತಿಕೊಂಡು ಕೂತ ನಾಲ್ಕು ಹುಡುಗರು ಕಣ್ಣಿಗೆ ಬಿದ್ದರು. ಈ ಸಲ ಬಲಗಡೆ ಕೂತಿದ್ದವನು ತಾನು.

ಮೂರೂವರೆಗೆ ಎದ್ದು ಹಜಾರಕ್ಕೆ ಬಂದಾಗ ಮಾವ, ಒಣಗಿದ ಮೆತ್ತೆ ಹಾಕಿದ ಕುರ್ಚಿಯಲ್ಲಿ, ಪೇಪರ್ ಹಿಡಿದು ಕೂತಿದ್ದರು. ಅತ್ತ ಓಣಿಯಲ್ಲಿ ಮಿಷನ್ನು ಕಟಕಟ ಓಡುತ್ತಿತ್ತು. ಅವನು ಗೋಡೆಗೊರಗಿ ನಿಂತು ಮೊದಲ ಬಾರಿಗೆ ಮಾವನನ್ನು, ಒಂದು ಹೊಸ ಯಂತ್ರವನ್ನು ಪರೀಕ್ಷಿಸುವಾಗಿನಷ್ಟು ನಿಧಾನವಾಗಿ ನೋಡಿದ. ಪೇಪರ್ ಒಂದೇ ಪುಟದಲ್ಲಿತ್ತು. ಮಾವನ ಮಂಡಿಗಳು ಒಂದಕ್ಕೊಂದು ಅಂಟಿದ್ದವು. ಅವರು ಗೋಡೆಯ ಗಡಿಯಾರ ನೋಡಿದರು, ಓಣಿಯ ಕಡೆ ನೋಡಿದರು, ಮಿಷನ್ನಿನ ಮುಂದೆ ಬಗ್ಗಿದ ಮಗಳ ಬೆನ್ನು ನೋಡಿದರು, ಮತ್ತೆ ಗಡಿಯಾರ ನೋಡಿದರು. ಆರು, ಹತ್ತು, ಒಂದು, ಐದು. ಅವರು ಬಚ್ಚಲಿಗೆ ಹೋಗುವ ಹೊತ್ತುಗಳು ಮನೆಗೆಲ್ಲ ಗೊತ್ತು. “ಮೂವತ್ತನಾಲ್ಕು ವರ್ಷದಲ್ಲಿ ಗಂಟೆ ಹೊಡೆಯೋ ಮುಂಚೆ ನಾನು ಒಂದು ದಿನ ತರಗತಿ ಬಿಟ್ಟು ಹೊರಗೆ ಹೋಗಿಲ್ಲ. ಯಾವನಿಗೂ ಬಿಟ್ಟಿಲ್ಲ. ಶರೀರ ಅಂದ್ರೆ ಏನು? ನಾವು ಹೇಳಿದ್ದನ್ನ ಕೇಳೋ ವಿದ್ಯಾರ್ಥಿ,” ಎಂದು ಅವರು ಎಷ್ಟು ಸಲ ಹೇಳಿಲ್ಲ! ನಿವೃತ್ತಿಯ ದಿನ ಶಾಲೆಯವರು ಕೊಟ್ಟ ಹಿತ್ತಾಳೆಯ ಕೈಗಂಟೆ ಗೋಡೆಯ ಕಪಾಟಿನ ಮೇಲೆ ಹೊಳೆಯುತ್ತಿತ್ತು. ಐದಕ್ಕೆ ಇನ್ನೂ ಒಂದೂವರೆ ಗಂಟೆ ಇತ್ತು. ವಿದ್ಯಾರ್ಥಿ ಹಿಂದಿನ ಬೆಂಚಿನಲ್ಲಿ ಕೈಯೆತ್ತಿ ಎತ್ತಿ ಸೋಲುತ್ತಿದ್ದ. ಮೇಷ್ಟರು ನೋಡಲಾರೆನೆಂದು ಪೇಪರ್ ಹಿಡಿದಿದ್ದರು.

“ಮಾವ,” ಎಂದ ಅವನು. ದನಿ ಮೂರನೆಯ ತರಗತಿಯದಾಗಿತ್ತು.

“ಹೇಳಿ.”

“ಏನಿಲ್ಲ. ಕಾಲು ಹಿಡಿದುಕೊಂಡಿರಬಹುದು. ಒಂದು ಸಲ ಎದ್ದು… ಹಾಗೇ ಓಡಾಡಿ ಬಂದ್ರೆ…”

“ಬಳಕೆಯ ಸೂಚನೆಯಾ?” ಎಂದರು ಮಾವ, ಪೇಪರ್ ಇಳಿಸದೆ. “ನಾನೇನು ಮಿಕ್ಸಿಯಾ, ಅಳಿಯಂದ್ರೇ? ಮೊದಲು ನಿಮ್ಮ ಬೆಕ್ಕಿಗೆ ಓಡಾಡೋದು ಕಲಿಸಿ. ಎರಡು ಕಾಲಿನವರ ವಿಚಾರ ಆಮೇಲೆ.”

ಐದಕ್ಕೆ ಹತ್ತು ನಿಮಿಷವಿರುವಾಗಲೇ ಗೋದಾಮಿನವರು ಬಂದರು. ದಪ್ಪನೆಯ, ನಗುಮುಖದ ಮನುಷ್ಯ. ಅಂಗಿಯ ತೋಳಿನ ಮಡಿಕೆಯಲ್ಲಿ ಗೋಧಿಯ ಹೊಟ್ಟು. “ಎಲ್ಲಮ್ಮಾ ನಮ್ಮ ಹೊಸ ಕಾವಲುಗಾರ?” ಎನ್ನುತ್ತ ಬಾಗಿಲಲ್ಲೇ ನಿಂತರು. ಹೆಂಡತಿ ಬುಟ್ಟಿ ತಂದಿಟ್ಟಳು. ಮಾವ ಆಗತಾನೇ ಕುರ್ಚಿಯಿಂದೆದ್ದು, ಹಿಂದಕ್ಕೆ ತಿರುಗದೆ, ಕಿಟಕಿಗೆ ಬೆನ್ನು ಕೊಟ್ಟು ನಿಂತು, “ನೋಡಿ, ಹೋಗೋ ಹೊತ್ತಲ್ಲೂ ಬುದ್ಧಿ ಬಿಡಲಿಲ್ಲ. ಈಗ ತಾನೇ ಹಾರಿ ಬಂದು ಮಾಡಿ ಹೋಯ್ತು,” ಎಂದರು. ಮೆತ್ತೆ ಒದ್ದೆಯಾಗಿತ್ತು. ಊಟದ ತಟ್ಟೆಯಗಲ. ಮಾವನ ಕೈ ಅಭ್ಯಾಸದಂತೆ ಪಕ್ಕದ ಮೇಜಿನ ಮೇಲೆ ನೋಟ್‌ಬುಕ್ಕಿಗಾಗಿ ತಡಕಿತು, ಸಿಗಲಿಲ್ಲ.

“ಸುಳ್ಳು!” ಮಗಳು ಕೋಣೆಯಿಂದ ಬಂದಳು. ಒಂದು ಕೈಯಲ್ಲಿ ಬೂದಿ, ಇನ್ನೊಂದರಲ್ಲಿ ನೋಟ್‌ಬುಕ್ಕು. ಮಲಗಿದ್ದಾಗ ಅದು ಅಂಗಿಯಿಂದ ಜಾರಿ ಹಾಸಿಗೆಯಲ್ಲೇ ಉಳಿದಿದ್ದು ಅವನಿಗೆ ಆಗ ನೆನಪಾಯಿತು. “ಬೂದಿ ನನ್ನ ಹತ್ರ ಇತ್ತು. ಮತ್ತೆ ಇಲ್ಲಿ ನೋಡಿ, ಗುರುವಾರ ಹನ್ನೊಂದೂವರೆ ಅಂತ ಬರ್ದಿದೆ. ಗುರುವಾರ ಬೂದಿ ಅಪ್ಪನ ಜೊತೆ ಡಾಕ್ಟರ್ ಹತ್ರ ಹೋಗಿತ್ತು. ಮನೇಲಿ ಇಲ್ದೇ ಇರೋ ಬೆಕ್ಕು ಹೆಂಗೆ ಮಾಡತ್ತೆ? ಹೇಳಪ್ಪಾ!”

ಗೋದಾಮಿನವರು ನಗುಮುಖವನ್ನು ಎಲ್ಲಿಡುವುದೆಂದು ತಿಳಿಯದೆ ಹಾಗೇ ಹಿಡಿದುಕೊಂಡಿದ್ದರು. ಅವನು ಮಾವನನ್ನು ನೋಡಿದ. ಅವರ ಮುಖದಲ್ಲಿ ಏನೂ ಬದಲಾಗಿರಲಿಲ್ಲ, ತಲೆ ನೆಟ್ಟಗಿತ್ತು. ಒಂದು ಕೈ ಮಾತ್ರ ಬೆನ್ನ ಹಿಂದೆ ಹೋಗಿ, ಪಂಚೆಯ ಹಿಂಬದಿಯನ್ನು, ಸೀಮೆಸುಣ್ಣದ ಬಟ್ಟೆಯಂತೆ, ಮುಷ್ಟಿಯಲ್ಲಿ ಮುದುಡಿ ಹಿಡಿದಿತ್ತು. ಈಗ ಹೇಳು, ಎಂದ ತಲೆಯೊಳಗಿನ ಬಸ್ಸಿನವನು. ಯಾವ ವಿಶ್ವವಿದ್ಯಾಲಯದ…

“ಅದು ನಾನು,” ಎಂದ ಅವನು.

“ಏನು ನೀವು?” ಎಂದಳು ಹೆಂಡತಿ.

“ಮೆತ್ತೆ. ನಾನೇ. ಅಂದ್ರೆ, ನೀರು. ದಿನಾ ಗಿಡಕ್ಕೆ ನೀರು ಹಾಕ್ತೀನಲ್ಲ, ಕಿಟಕಿ ಮೇಲಿನ ಗಿಡಕ್ಕೆ. ಕುಂಡ ಸೋರತ್ತೆ. ಕೆಳಗೇ ಕುರ್ಚಿ. ಗುರುವಾರವೂ ಹೊರಡೋ ಮುಂಚೆ ಹಾಕಿದ್ದೆ, ಮಾವ ನೋಡಿದ್ದು ಹನ್ನೊಂದೂವರೆಗೆ. ಅವರದೇನೂ ತಪ್ಪಿಲ್ಲ. ಬೂದಿದೂ ಇಲ್ಲ.” ಜೀವಮಾನದಲ್ಲೇ ಮೊದಲ ಬಾರಿಗೆ ವಾಕ್ಯಗಳು ಮುಂಚಿತವಾಗಿ ಕಟ್ಟದೆ, ಒಂದರ ಹಿಂದೊಂದು ತಾವಾಗಿ ಬರುತ್ತಿದ್ದವು. ಅವನಿಗೇ ಬೆರಗು.

ಹೆಂಡತಿ ಗಿಡವನ್ನು ನೋಡಿದಳು. ಆಮೇಲೆ ಅವನನ್ನು. ಆಮೇಲೆ ತುಂಬ ಹೊತ್ತು ಗಿಡವನ್ನು. “ವಾಸನೆ ಬರ್ತಿತ್ತಲ್ಲ,” ಎಂದಳು ಮೆಲ್ಲಗೆ.

“ಗೊಬ್ಬರದ ನೀರು.”

“ಗೊಬ್ಬರದ ನೀರು!” ಅವಳ ದನಿ ಏರಿತು. “ಎರಡು ವಾರದಿಂದ ನಾನು ಮೆತ್ತೆ ಒಗೆದೂ ಒಗೆದೂ ಕೈ ಸವೆಸಿಕೊಂಡಿದ್ದೀನಿ, ನೀವು ದಿನಾ ನಿಂತು ಗೊಬ್ಬರದ ನೀರು ಹಾಕ್ತಿದ್ರಾ? ಹಾಕೋದಲ್ದೆ ಆ ಪಾಪದ ಮರಿ ಹೆಸರಲ್ಲಿ ನೋಟ್‌ಬುಕ್ಕು ಬೇರೆ? ನಿಮಗೇನು ಹೇಳ್ಬೇಕು ಅಂತಾನೇ ಗೊತ್ತಾಗ್ತಿಲ್ಲ. ನೋಡಿ ಗೋದಾಮಿನವರೇ, ಇವರ ಕಥೆ! ಬೆಕ್ಕು ಹೋಗಲ್ಲ ಬಿಡಿ. ಕಳಿಸೋದಾದ್ರೆ ಇವರನ್ನೇ ಕಳಿಸ್ತೀನಿ, ಇಲಿ ಹಿಡೀತಾರೇನೋ ಕೇಳಿ.”

ಗೋದಾಮಿನವರಿಗೆ ನಗುವಿಗೊಂದು ಜಾಗ ಸಿಕ್ಕಿತು. ಹೊಟ್ಟೆ ಕುಲುಕಿಸಿ ನಕ್ಕರು. ಆಗ ಕಿಟಕಿಯ ಕಡೆಯಿಂದ ಒಂದು ಕೆಮ್ಮು ಕೇಳಿಸಿತು. ಗದ್ದಲದ ತರಗತಿಯನ್ನು ಸುಮ್ಮನಾಗಿಸುವ, ಮೂವತ್ತನಾಲ್ಕು ವರ್ಷದ ಕೆಮ್ಮು. “ಗೊಬ್ಬರದ ನೀರನ್ನ ಕುರ್ಚಿ ಮೇಲೆ ಹಾಕಿದ್ರೆ,” ಎಂದರು ಮಾವ, ಒಂದೊಂದು ಮಾತನ್ನೂ ಬಿಡಿಸಿ, “ಬೆತ್ತ ಚಿಗುರತ್ತೆ ಅಂತ ಸಂಜೆ ಕಾಲೇಜಲ್ಲಿ ಹೇಳಿಕೊಟ್ಟಿದ್ರಾ, ಅಳಿಯಂದ್ರೇ?”

ಒಂದು ಕ್ಷಣ, ಒಂದೇ ಕ್ಷಣ, ಅವನಿಗೆ ನಿಜವನ್ನು ಹೊರಗೆ ಚೆಲ್ಲಿಬಿಡುವಷ್ಟು ಸಿಟ್ಟು ಬಂತು. ಉಪಕಾರ ಮಾಡಿದವನಿಗೆ ಇದಾ? ಆದರೆ ತಾನು ಮಾಡಿದ್ದು ಉಪಕಾರವೋ, ಎದುರು ನಿಂತು ಹೇಳಲಾರದ ಪುಕ್ಕಲುತನವೋ ಎಂಬುದು ಅವನಿಗಿನ್ನೂ ಇತ್ಯರ್ಥವಾಗಿರಲಿಲ್ಲ. ಮಾವನ ಮುಷ್ಟಿ ಇನ್ನೂ ಬಿಚ್ಚಿರಲಿಲ್ಲ. “ಇಲ್ಲ ಮಾವ,” ಎಂದ. “ಅದಕ್ಕೇ ಒಂದು ಕೇಳ್ಕೋತೀನಿ. ಮರಿಗೆ ನನ್ನ ಕೈಲಿ ಕಲಿಸೋಕಾಗಲಿಲ್ಲ. ಇನ್ನೂ ಪೂರ್ತಿ ಅಭ್ಯಾಸ ಆಗಿಲ್ಲ. ಅದಕ್ಕೊಂದು ಶಿಸ್ತು ಬೇಕು. ನೀವೇ ತರಗತಿ ತಗೋಬೇಕು. ಒಂದೂವರೆ ಗಂಟೆಗೊಂದು ಸಲ ಗಂಟೆ ಹೊಡೆದು, ಎತ್ತಿಕೊಂಡು ಹೋಗಿ, ಬಚ್ಚಲ ಬಾಗಿಲು ಹಾಕಿಕೊಂಡು ಜೊತೆಗಿರಬೇಕು. ಮರಿಗಳಿಗೆ ಸಂಕೋಚ ಜಾಸ್ತಿ. ಯಾರಾದರೂ ನೋಡ್ತಿದ್ರೆ ಮಾಡಲ್ಲ.”

ಮಾವ ಅವನನ್ನು ನೋಡಿದರು. ಹೆಣ್ಣು ನೋಡಲು ಹೋದ ದಿನ ಅಂಕಪಟ್ಟಿ ತಿರುವಿದ ಮೇಲೆ ನೋಡಿದ್ದರಲ್ಲ, ಹಾಗೆ; ಆದರೆ ಆ ದಿನ ಇಷ್ಟು ಹೊತ್ತು ನೋಡಿರಲಿಲ್ಲ. “ದಿನಕ್ಕೆ ಎಷ್ಟು ಪೀರಿಯಡ್ ಆಯ್ತು?”

“ಎಂಟು, ಒಂಬತ್ತು.”

“ಭಾನುವಾರ?”

“ಭಾನುವಾರವೂ.”

“ಹೂಂ,” ಎಂದರು ಮಾವ. “ಗಂಟೆ ಇಳಿಸಿಕೊಡಿ.”

ಅವನು ಸ್ಟೂಲು ಹತ್ತಿ ಗಂಟೆ ಇಳಿಸಿಕೊಟ್ಟ. ಗೋದಾಮಿನವರು ಹೊರಟರು. ಮಾವ ಮೊಮ್ಮಗಳ ಕೈಯಿಂದ ಬೂದಿಯನ್ನು ತೆಗೆದುಕೊಂಡು, ಹಾಜರಿ ಪುಸ್ತಕದಂತೆ ಕಂಕುಳಲ್ಲಿ ಹಿಡಿದು, ಗೋಡೆಯ ಗುಂಟ ಬೆನ್ನು ಯಾರಿಗೂ ತೋರದ ಹಾಗೆ ಸಾಗಿ ಬಚ್ಚಲಿಗೆ ಹೋದರು. ಓಣಿ ಬಿಡುವಾಗಿತ್ತು. ಅವನು ಗೋದಾಮಿನವರನ್ನು ಬೀಳ್ಕೊಟ್ಟು ಬರುವಷ್ಟರಲ್ಲಿ ಹೆಂಡತಿ ಮಿಷನ್ನನ್ನು ಒಬ್ಬಳೇ ಎಳೆದು ಹಜಾರದ ಇನ್ನೊಂದು ಮೂಲೆಗೆ ಸೇರಿಸಿದ್ದಳು. ನೆಲದ ಮೇಲೆ ಅದರ ಕಾಲುಗಳ ನಾಲ್ಕು ಗುರುತು ಮಾತ್ರ ಉಳಿದಿದ್ದವು. ಬಾಗಿಲು ಮುಚ್ಚಿ ಚಿಲಕ ಬಿದ್ದ ಸದ್ದು. ಒಳಗೆ ಮರಳು ಕೆರೆಯುವ ಸದ್ದು, ಮಾವ “ಹೂಂ, ಬೇಗ” ಎಂದು ಗದರಿದ್ದು, ನಲ್ಲಿ ಬಿಟ್ಟದ್ದು, ಆಮೇಲೆ ತುಂಬ ಹೊತ್ತು ನೀರಿನ ಸದ್ದು. ಒಳಗಿನಿಂದ ಮೊದಲು ಬೂದಿ ಬಂತು. ಆಮೇಲೆ, ತೊಳೆದ ಪಂಚೆಯನ್ನು ಹೆಗಲಿಗೆ ಹಾಕಿಕೊಂಡು, ಟವೆಲು ಸುತ್ತಿಕೊಂಡು, ಮಾವ. “ಚಿಮ್ಮಿಸಿಬಿಡ್ತು,” ಎಂದು ಯಾರನ್ನೂ ನೋಡದೆ ಹೇಳಿ ಕೋಣೆಗೆ ಹೋದರು.

ಅವನು ಕಿಟಕಿಯ ಬಳಿ ನೆಲದ ಮೇಲೆ ಕುಸಿದು ಕೂತ. ಮಗಳು ಬಂದು ಪಕ್ಕದಲ್ಲಿ ಕೂತಳು. ಬೂದಿ ಇಬ್ಬರ ನಡುವೆ ಮುದುಡಿತು. ಅವಳು ತನ್ನನ್ನು ಹೇಗೆ ನೋಡುತ್ತಾಳೆಂದು ಅವನಿಗೆ ಭಯ. ತಾನು ನಂಬಿದ ಅಪ್ಪನೇ ಕಳ್ಳ ಎಂದಾದ ಮೇಲೆ ಇನ್ನೇನು ಉಳಿಯಿತು? ಅವಳು ಬೂದಿಯ ಕಿವಿ ಸವರುತ್ತ, ಅವನ ಕಡೆ ಬಗ್ಗಿ, ತುಂಬ ಸಣ್ಣ ದನಿಯಲ್ಲಿ ಹೇಳಿದಳು:

“ಅಪ್ಪಾ, ಆ ಗಿಡ ಪ್ಲಾಸ್ಟಿಕ್‌ದು.”

ಅವನು ತಲೆಯೆತ್ತಿ ನೋಡಿದ. ಬೆಳಿಗ್ಗೆ ಒರೆಸಿದ ಎಲೆಗಳು ಸಂಜೆಬಿಸಿಲಿಗೆ ಮಿರಮಿರ ಹೊಳೆಯುತ್ತಿದ್ದವು. ಒಂದೂ ಬಾಡಿರಲಿಲ್ಲ, ಒಂದೂ ಬೆಳೆದಿರಲಿಲ್ಲ.

“ನಿಜವಾದ ಗಿಡಗಳನ್ನೆಲ್ಲ ನೀನು ನೀರು ಹಾಕಿ ಹಾಕಿ ಕೊಳೆಸಿಬಿಟ್ಟೆ ಅಂತ ಅಮ್ಮ ಹೋದ ವರ್ಷ ತಂದಿದ್ದು. ಮರೆತುಹೋಯ್ತಾ?”

ಮರೆತೇ ಹೋಗಿತ್ತು. ಹೆಂಡತಿ ಗಿಡವನ್ನು ಅಷ್ಟು ಹೊತ್ತು ನೋಡಿದ್ದು. ಮಾವ, ದಿನವಿಡೀ ಅದರ ಕೆಳಗೇ ಕೂರುವವರು, ನೋಡದೆಯೇ ಮಾತಾಡಿದ್ದು. ಗುರುವಾರ ಹತ್ತು ಗಂಟೆಗೆ ತರಕಾರಿ ಬುಟ್ಟಿಗೆ ಹಳೆಯ ಬಟ್ಟೆ ಹಾಸಿ ಬೂದಿಯನ್ನು ಮಲಗಿಸಿ ಕೊಟ್ಟವಳು ಹೆಂಡತಿಯೇ. ಹನ್ನೊಂದೂವರೆಗೆ ಮೆತ್ತೆ ಬಿಚ್ಚಿ ಒಗೆದವಳೂ ಅವಳೇ. ದೊಡ್ಡವರು ಮರೆಯಲ್ಲ, ಎಂದಿದ್ದಳು. ಹಾಗಾದರೆ ಇಡೀ ದಿನ ತಾನೊಬ್ಬನೇ ಹೊತ್ತು ತಿರುಗಿದೆನೆಂದುಕೊಂಡ ಗುಟ್ಟನ್ನು ಈ ಮನೆಯಲ್ಲಿ ಹೊರದೆ ಇದ್ದವರು ಯಾರು? ಬೂದಿ ಆಕಳಿಸಿತು.

“ಯಾರಿಗೂ ಹೇಳ್ಬೇಡ ಪುಟ್ಟಿ.”

“ಯಾರಿಗೆ ಹೇಳೋದು? ಎಲ್ರಿಗೂ ಗೊತ್ತಲ್ಲ,” ಎಂದಳು ಅವಳು.

ಆರೂವರೆಗೆ ಕೋಣೆಯೊಳಗಿಂದ ಗಂಟೆ ಹೊಡೆಯಿತು. ಮಾವ ಬೇರೆ ಪಂಚೆಯುಟ್ಟು ಹೊರಬಂದು, ಬೂದಿಯನ್ನೆತ್ತಿಕೊಂಡು, ಅಗಲವಾದ ಓಣಿಯಲ್ಲಿ ಯಾರಿಗೂ ಬೆನ್ನು ತಗಲದೆ ನಡೆದು ಹೋಗಿ, ಐದು ನಿಮಿಷದಲ್ಲಿ ಮರಳಿದರು; ನೋಟ್‌ಬುಕ್ಕು ತೆರೆದು, ಆರು ಮೂವತ್ತು, ಟ್ರೇ, ಆಯಿತು ಎಂದು ಬರೆದು ಅಡಿಗೆರೆ ಎಳೆದರು. ಹೆಂಡತಿ ಅಡಿಗೆಮನೆಯಿಂದ ಒಂದು ಚೊಂಬು ನೀರು ತಂದು ಅವನ ಮುಂದೆ ಹಿಡಿದಳು. ಅವನು ಕುಡಿಯಲೆಂದು ತೆಗೆದುಕೊಂಡ.

“ಕುಡಿಯೋಕಲ್ಲ,” ಎಂದಳು ಅವಳು. ಅವಳ ಮುಖದಲ್ಲಿ ನಗುವಿತ್ತೋ ಇಲ್ಲವೋ ಅವನಿಗೆ ಹೇಳಲಾಗಲಿಲ್ಲ. “ಗಿಡಕ್ಕೆ. ದಿನಾ ಹಾಕ್ತೀರಲ್ಲ.”

ಅವನು ಎದ್ದ. ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು, ಕುಂಡದಲ್ಲಿ ಅಂಟಿಸಿದ ಕಲ್ಲುಗಳ ನಡುವೆ, ಯಾವ ಎಲೆಗೂ ಸಿಡಿಯದ ಹಾಗೆ ನೂಲಿನಷ್ಟು ಸಣ್ಣಗೆ ನೀರು ಬಿಡತೊಡಗಿದ. ಮಾವ ತಮ್ಮ ಕುರ್ಚಿಯಲ್ಲಿ, ಬದಲಿಸಿದ ಮೆತ್ತೆಯ ಮೇಲೆ, ಪೇಪರ್ ಬಿಡಿಸಿ ಕೂತಿದ್ದರು. ತಲೆ ಎತ್ತಲಿಲ್ಲ.

“ನಿಧಾನ, ಅಳಿಯಂದ್ರೇ,” ಎಂದರು. “ಸೋರದ ಹಾಗೆ ಹಾಕಿ.”